ಮೊಳೆಯಿಲ್ಲದ ಮನೆತನ

ಕೆಲವರಿಗೆ ಬೀಗರು ಶತ್ರು, ಕೆಲವರಿಗೆ ಪಾಲುದಾರರು. ಏನೂ ಗತಿಯಿಲ್ಲದವನಿಗೆ ಪಕ್ಕದ ಮನೆಯ ಹುಂಜವಾದರೂ ಇರುತ್ತದೆ. ನಮ್ಮ ಮರ್ಗಿಲಾನ್ ಪಟ್ಟಣದ ಬಡಗಿಗಳ ಗುರು ತೇಶಬೊಯ್ ಉಸ್ತಾನಿಗೆ ಅರವತ್ತೊಂದು ವರ್ಷದಿಂದ ಇದ್ದ ಶತ್ರು ಒಂದೇ ಒಂದು. ಅದು ಮೊಳೆ.

ಅವನ ಮರಗೆಲಸದ ಅಂಗಡಿಯ ಎದುರಿಗೇ ನನ್ನ ಕ್ಷೌರದ ಅಂಗಡಿ. ಮೂವತ್ತು ವರ್ಷದಿಂದ ಅವನು ತೋಪಡ ಎಳೆದು ಮರ ನುಣುಪು ಮಾಡುವುದನ್ನು ನಾನು ನೋಡುತ್ತಿದ್ದೇನೆ, ನಾನು ಗಡ್ಡ ಕೆರೆಯುವುದನ್ನು ಅವನು ನೋಡುತ್ತಿದ್ದಾನೆ. ಅದಕ್ಕೇ ನಾನು ಹೇಳುವುದರಲ್ಲಿ ಅತಿಶಯವೇನಾದರೂ ಇದ್ದರೆ ಅದು ಕಣ್ಣಾರೆ ಕಂಡವನ ಅತಿಶಯ, ಕೇಳಿದವನದ್ದಲ್ಲ. ಅವನ ಅಂಗಡಿಯಲ್ಲಿ ಟೋಪಿ ತೂಗುಹಾಕುವುದಕ್ಕೂ ಮರದ ಗೂಟ, ಕ್ಯಾಲೆಂಡರಿಗೂ ಮರದ ಗೂಟ. ಒಂದು ಸಲ ಹೊಸ ಬೂಟಿನ ಹಿಮ್ಮಡಿಯಲ್ಲಿ ಮೊಳೆಯಿದೆಯೆಂದು ಗೊತ್ತಾಗಿ, ಅದನ್ನು ಕೀಳಿಸಿ ಅಂಟು ಹಾಕಿಸಿದ. ಆ ಚಳಿಗಾಲವಿಡೀ ಅಂಟು ಬಿಟ್ಟ ಬಲ ಬೂಟಿನ ಹಿಮ್ಮಡಿಯನ್ನು ಜೇಬಿನಲ್ಲಿಟ್ಟುಕೊಂಡೇ ಮಸೀದಿಗೆ ಬಂದ. ನನ್ನ ಅಂಗಡಿಯ ಕನ್ನಡಿಯನ್ನೂ ಅವನೇ ಗೂಟ ಹೊಡೆದು ನಿಲ್ಲಿಸಿಕೊಟ್ಟದ್ದು. ಹನ್ನೆರಡು ವರ್ಷದಿಂದ ಅದು ಎಡಕ್ಕೆ ವಾಲಿಕೊಂಡಿದೆ. ಈಗ ನನ್ನ ಗಿರಾಕಿಗಳೂ ಎಡಕ್ಕೆ ವಾಲಿಯೇ ಕೂರುತ್ತಾರೆ, ಯಾರೂ ದೂರುವುದಿಲ್ಲ.

"ಮರಕ್ಕೆ ಮರವೇ ನೆಂಟ ಕಣೋ ಎರ್ಗಶ್," ಎನ್ನುತ್ತಿದ್ದ ನನಗೆ. "ಒಂದರ ತುದೀಲಿ ನಾಲಿಗೆ ಬಿಡಿಸು, ಇನ್ನೊಂದರ ಹೊಟ್ಟೇಲಿ ಕಂಡಿ ಕೊರಿ, ಕೂಡಿಸು. ಇಬ್ಬರೂ ನೂರು ವರ್ಷ ಸಂಸಾರ ಮಾಡ್ತಾರೆ. ಮೊಳೆ ಹೊಡೆಯೋದು ಅಂದ್ರೆ ಬಲವಂತದ ಮದುವೆ."

ಮುತ್ತಾತ, ತಾತ, ಅಪ್ಪ ಕಂಬರ್ ಉಸ್ತಾ, ಆಮೇಲೆ ತಾನು. ನಾಲ್ಕು ತಲೆಮಾರಿನಲ್ಲಿ ಒಂದೇ ಒಂದು ಮೊಳೆ ಹೊಡೆದವರಲ್ಲ ಎಂಬುದು ಅವನ ಹೆಮ್ಮೆ. ಅವನ ಹೆಸರೂ ಹಾಗೇ ಇತ್ತು. ತೇಶ ಎಂದರೆ ಬಾಚಿ. ಬಡಗಿಯ ಮಗನಿಗೆ ಬಾಚಿ ಅಂತ ಹೆಸರಿಡದೆ ಇನ್ನೇನು ಕತ್ತರಿ ಅಂತ ಇಡುತ್ತಾರೆಯೇ ಎಂದುಕೊಂಡು ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಈ ಹೆಮ್ಮೆ ನಮ್ಮ ಬೀದಿಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದು ಅವನ ಹೆಂಡತಿ ಮುಅತ್ತರ್. ಮೂವತ್ತೈದು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತಳಾದ ಹೆಂಗಸು. ಎದುರಿಗೆ ಮಕ್ಕಳಿಲ್ಲದೆ ಕೈ ಕಟ್ಟಿಹಾಕಿದ ಹಾಗಾಗಿ, ಗಂಡನನ್ನೇ ಪಾಠಕ್ಕೆ ನಿಲ್ಲಿಸಿ ಫೋನು ಹಿಡಿದಳು, ತೆಗೆದ ವೀಡಿಯೊವನ್ನು ಇಂಟರ್ನೆಟ್ಟಿಗೆ ಹಾಕಿದಳು. ಮೊದಲ ಪಾಠದಲ್ಲಿ ಮುಕ್ಕಾಲು ಪಾಲು ಕಂಡದ್ದು ಅವಳ ಹೆಬ್ಬೆರಳು. ಅದನ್ನು ಹನ್ನೊಂದು ಸಲ ನೋಡಲಾಗಿದೆ ಎಂದು ಬಂತು. ಅದರಲ್ಲಿ ಆರು ಸಲ ನೋಡಿದವನು ನಾನು, ನಿಲ್ಲಿಸುವುದು ಹೇಗೆಂದು ತಿಳಿಯದೆ.

ಆಮೇಲೆ ಅದೇನಾಯಿತೋ ದೇವರಿಗೇ ಗೊತ್ತು. ಜರದಾಳು ಮರಗಳು ಹೂ ಬಿಡುವ ಹೊತ್ತಿಗೆ ನಲವತ್ತು ಸಾವಿರ ಜನ ಅವನ ಶಿಷ್ಯರಾಗಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನೇರ ಪಾಠ. ಉಸ್ತಾ ಹಿಪ್ಪುನೇರಳೆ ಮರದ ತುಂಡು ಹಿಡಿದು ಮೆಲ್ಲಗೆ ಏನೋ ಹೇಳುವನು. ಮುಅತ್ತರ್ ಫೋನಿನ ಹಿಂದಿನಿಂದ, "ರೀ, ಸನೋಬರ್ ಅಪ್ಪಾ, ಜೋರಾಗಿ ಹೇಳಿ, ಕೊನೇ ಬೆಂಚಿಗೆ ಕೇಳಿಸ್ತಿಲ್ಲ," ಎನ್ನುವಳು. ದೂರದ ಕಜಾನ್ ಪಟ್ಟಣದಲ್ಲಿದ್ದ ಒಬ್ಬ ಪಿಂಚಣಿದಾರ ಪ್ರತಿ ವಾರ ತಾನು ಕೂಡಿಸಿದ ಸ್ಟೂಲಿನ ಚಿತ್ರ ಕಳಿಸುತ್ತಿದ್ದ. ಪ್ರತಿ ವಾರವೂ ಅದಕ್ಕೆ ಒಂದು ಕಾಲು ಗಿಡ್ಡ.

ಸನೋಬರ್ ಅವರ ಒಬ್ಬಳೇ ಮಗಳು. ಇಲ್ಲಿ ನಾನು ನಗೆಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಅವಳಿಗೆ ಎರಡು ಮಕ್ಕಳು ಹುಟ್ಟಿದ್ದವು, ಎರಡೂ ನಲವತ್ತು ದಿನ ದಾಟಲಿಲ್ಲ. ಈಗ ಮೂರನೆಯದು ಹೆಣ್ಣು. ತವರಿನಲ್ಲೇ ಬಾಣಂತನ. ಮಗುವಿನ ದಿಂಬಿನ ಕೆಳಗೆ ಚಾಕು ಇಟ್ಟಿದ್ದಳು. ಕಬ್ಬಿಣ ಇದ್ದ ಕಡೆ ಕೆಟ್ಟದ್ದು ಸುಳಿಯುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲ ಅಜ್ಜಿಯರ ಮಾತು. ಅಷ್ಟಾದರೂ ಅವಳಿಗೆ ಧೈರ್ಯವಿಲ್ಲ. ಇಪ್ಪತ್ತಮೂರು ದಿನದಿಂದ ಮಗುವನ್ನು ತೋಳಿನಿಂದ ಇಳಿಸಿದವಳಲ್ಲ, ಕೂತಲ್ಲೇ ತೂಕಡಿಸುತ್ತಿದ್ದಳು. ಬರುವ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅವಳದು ಒಂದೇ ಹಟ, "ತಾತ ಮಾಡಿದ ತೊಟ್ಟಿಲಾದ್ರೆ ಮಲಗಿಸ್ತೀನಿ, ಇಲ್ಲದಿದ್ರೆ ಇಲ್ಲ."

ತಾತ ಎಂದರೆ ಕಂಬರ್ ಉಸ್ತಾ. ಆ ಕೆಂಪು ಹಸಿರು ಬಣ್ಣದ ತೊಟ್ಟಿಲಿನಲ್ಲಿ ತೇಶಬೊಯ್ ಮಲಗಿದ್ದ, ಸನೋಬರ್ ಮಲಗಿದ್ದಳು. ನಡುವೆ ಬೀದಿಯವರು ಎರವಲು ಪಡೆದು ತಮ್ಮ ಇಪ್ಪತ್ತಾರು ಮಕ್ಕಳನ್ನು ಮಲಗಿಸಿದ್ದರು. ಎರವಲು ಪಡೆದವರಲ್ಲಿ ನಾನೂ ಒಬ್ಬ. ಒಂದೇ ಒಂದು ಮಗುವಿಗೂ ಏನೂ ಆಗಿರಲಿಲ್ಲ. ಅಂಥ ತೊಟ್ಟಿಲನ್ನು ಜನ ಬಂಗಾರಕ್ಕಿಂತ ಹೆಚ್ಚಾಗಿ ಕಾಪಾಡುತ್ತಾರೆ. ಸನೋಬರಳ ಮೊದಲಿನ ಎರಡು ಮಕ್ಕಳಿಗೆ ಗಂಡನ ಮನೆಯವರು ಪೇಟೆಯಿಂದ ಹೊಸದು ತಂದಿದ್ದರು. ಅದನ್ನು ನೆನೆದು ಅವಳು ಈಗಲೂ ಅಳುತ್ತಾಳೆ.

ಇನ್ನು ಗಲಾಟೆಗೆ ಬರೋಣ. ಬೀದಿಯ ತುದಿಯಲ್ಲಿ ಮಮಸೋಲಿಯ ಪೀಠೋಪಕರಣದ ಅಂಗಡಿ. ಮರದ ಹೊಟ್ಟನ್ನು ಅಂಟಿಸಿ ಮಾಡಿದ ಹಲಗೆಗೆ ಮೊಳೆ, ಸ್ಕ್ರೂ ಬಿಗಿದು ಒಂದು ಮಧ್ಯಾಹ್ನದಲ್ಲಿ ಮೂರು ಬೀರು ಮಾಡುವವನು. ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಶಾಸ್ತ್ರಕ್ಕೆ ಎಂಟು ದಿನ ಮುಂಚಿನ ಶನಿವಾರ ಪಾಠ ನಡೆಯುತ್ತಿರುವಾಗಲೇ ಫೋನಿನಲ್ಲಿ ಬರೆದ: "ಉಸ್ತಾ, ಇದೆಲ್ಲ ಪೇಟೆಗೆ ಹೇಳೋ ಮಾತು. ನಿಮ್ಮ ಸಾಮಾನಲ್ಲೂ ಒಳಗೆಲ್ಲೋ ಒಂದು ಮೊಳೆ ಅಡಗಿರುತ್ತೆ."

ಮುಅತ್ತರ್ ಅದನ್ನು ಗಟ್ಟಿಯಾಗಿ ಓದಿದಳು. ತರಗತಿಯಲ್ಲಿ ಸಿಕ್ಕ ಚೀಟಿಗಳನ್ನು ಗಟ್ಟಿಯಾಗಿ ಓದುವ ಹಳೆಯ ಅಭ್ಯಾಸ. ಉಸ್ತಾನ ಮುಖ ತಂದೂರಿನ ಹಾಗೆ ಕೆಂಪಾಯಿತು. ಗೋಡೆಯಿಂದ ಅಪ್ಪನ ಬಾಚಿಯನ್ನು ಇಳಿಸಿಕೊಂಡು ಎದೆಗೆ ಹಿಡಿದ.

"ಕೇಳ್ರಪ್ಪ! ನಮ್ಮ ಮನೆತನದ ನಾಲ್ಕು ತಲೆಮಾರಿನವರು ಮಾಡಿದ ಯಾವುದೇ ಸಾಮಾನು ತನ್ನಿ. ನಮ್ಮ ಕೈ ಹೊಡೆದ ಒಂದು ಮೊಳೆ ಸಿಕ್ಕಿದ್ರೆ, ಒಂದೇ ಒಂದು, ಆ ಸಾಮಾನನ್ನ ಇದೇ ಬಾಚೀಲಿ ಸೀಳಿ ತಂದೂರಿಗೆ ಹಾಕ್ತೀನಿ. ನನ್ನ ಗಡ್ಡ ಬೋಳಿಸ್ಕೊಂಡು ಬೀದೀಲಿ ಓಡಾಡ್ತೀನಿ!"

"ರೀ, ಸ್ವಲ್ಪ ನಿಧಾನ," ಎಂದಳು ಮುಅತ್ತರ್.

"ಕೊನೇ ಬೆಂಚಿಗೆ ಕೇಳಿಸ್ತಾ?" ಎಂದ ಉಸ್ತಾ.

ಕೇಳಿಸಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಗಳವಾರದ ಹೊತ್ತಿಗೆ ಆ ಮಾತನ್ನು ಮೂರು ಲಕ್ಷ ಜನ ಕೇಳಿದ್ದರು. ಬುಧವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆದರೆ ಬೀದಿಯೇ ಕಾಣಲಿಲ್ಲ. ಬರೀ ಪೆಟ್ಟಿಗೆ, ಗಿಡ್ಡ ಮೇಜು, ಬಾಗಿಲು, ಕಿಟಕಿ. ಜನ ತಮ್ಮ ಮನೆಯ ಬಾಗಿಲನ್ನೇ ಕಳಚಿ ಹೊತ್ತು ತಂದಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಅಯಸ್ಕಾಂತ. ಫ್ರಿಜ್ಜಿನ ಮೇಲಿನ ಹಣ್ಣು ತರಕಾರಿ ಬೊಂಬೆಗಳಿಂದ ಹಿಡಿದು ಹಳೆಯ ಧ್ವನಿವರ್ಧಕದ ಹೊಟ್ಟೆ ಬಗೆದು ತೆಗೆದ ಚಕ್ರದವರೆಗೆ. ಆ ಚಕ್ರ ಹಿಡಿದವನು ಮಮಸೋಲಿ.

ಇಷ್ಟು ಜನ ಒಂದು ಕಡೆ ಸೇರಿದ ಮೇಲೆ ಮೊಹಲ್ಲಾದ ಹಿರಿಯ ಸೋತ್ವೋಲ್ದಿ ಅಕ್ಸಕಾಲ್ ಬರದೇ ಇರುತ್ತಾನೆಯೇ? ಕಂಕುಳಲ್ಲಿ ದೊಡ್ಡ ರಿಜಿಸ್ಟರು. "ಇದೇನು ಸಂತೆ? ಅನುಮತಿ ಯಾರು ಕೊಟ್ಟೋರು?" ಎಂದ. ಯಾರೂ ಕೊಟ್ಟಿಲ್ಲ ಎಂದು ತಿಳಿದಾಗ ಅವನಿಗೆ ಸಂತೋಷವಾಯಿತು, ಯಾಕೆಂದರೆ ಈಗ ಕೊಡುವ ಅಧಿಕಾರ ತನ್ನದು. ಅಲ್ಲೇ ಮೂರು ಜನರ ಆಯೋಗ ರಚಿಸಿದ. ಅಧ್ಯಕ್ಷ ತಾನು, ತಾಂತ್ರಿಕ ಸದಸ್ಯ ಮಮಸೋಲಿ, ನಿಷ್ಪಕ್ಷಪಾತ ಸದಸ್ಯ ನಾನು. ನಾನ್ಯಾಕೆ ಎಂದು ಕೇಳಿದ್ದಕ್ಕೆ, "ನಿನ್ನ ಕೈಲಿ ಕತ್ತಿ ಇದ್ರೂ ಇಲ್ಲೀವರೆಗೆ ಯಾರನ್ನೂ ಕೊಯ್ದಿಲ್ಲ," ಎಂದ.

ಮೂರು ದಿನ ಪರೀಕ್ಷೆ. ಆಯೋಗಕ್ಕೆ ಸಿಕ್ಕದ್ದು: ಒಂದು ಪೆಟ್ಟಿಗೆಯ ಸಂದಿಯಲ್ಲಿ ಹೇರ್‌ಪಿನ್ನು, ಒಂದು ಮೇಜಿನಡಿ ದರ್ಜಿಯ ಸೂಜಿ. ಒಂದು ಬಾಗಿಲಲ್ಲಿ ಬೀಗದ ಕಬ್ಬಿಣ ಮಾತ್ರ, ಅದು ಕಮ್ಮಾರನದ್ದು ಎಂದು ಬಿಟ್ಟೆವು. ನಡುವೆ ಒಂದು ಅನಾಹುತವೂ ಆಯಿತು. ಮಮಸೋಲಿ ಚಕ್ರ ಹಿಡಿದು ಬಗ್ಗಿದ್ದ ಹೊತ್ತಿಗೇ ಅಕ್ಸಕಾಲ್ ಏನೋ ಹೇಳಲು ಬಾಯಿ ತೆರೆದ. ಹತ್ತು ವರ್ಷದಿಂದ ಚಿನ್ನದ್ದೆಂದು ಮೆರೆಸುತ್ತಿದ್ದ ಹಲ್ಲಿಗೆ ಅಯಸ್ಕಾಂತ ಹೋಗಿ ಅಂಟಿಕೊಂಡಿತು. ಬಿಡಿಸಲು ಇಬ್ಬರು ಬೇಕಾಯಿತು. ಅದನ್ನು ರಿಜಿಸ್ಟರಿನಲ್ಲಿ ಬರೆಯಕೂಡದು ಎಂದು ಅಧ್ಯಕ್ಷರ ಆಜ್ಞೆಯಾದ್ದರಿಂದ ನಾನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಶುಕ್ರವಾರ ಸಂಜೆಗೆ ಅರವತ್ತೇಳು ಸಾಮಾನು ಮುಗಿದವು. ಒಂದರಲ್ಲೂ ಮೊಳೆಯಿಲ್ಲ. ಉಸ್ತಾ ಊದಿಕೊಂಡು ಊದಿಕೊಂಡು ಬಾಗಿಲಲ್ಲಿ ಹಿಡಿಸದಂತಾಗಿದ್ದ. "ನಾಳೆ ಪಾಠಕ್ಕೆ ಕಡೇ ಸಾಮಾನು ನಾನೇ ತೋರಿಸ್ತೀನಿ," ಎಂದ. "ನಮ್ಮಪ್ಪನ ತೊಟ್ಟಿಲು. ಕೆಲಸ ಅಂದ್ರೆ ಏನು ಅಂತ ಲೋಕ ನೋಡ್ಲಿ."

ಶನಿವಾರ ಅಂಗಡಿಯ ಹಿಂದಿನ ಅಂಗಳದಲ್ಲಿ ಎರಡು ಕೆಲಸ ಒಟ್ಟಿಗೇ ನಡೆದಿದ್ದವು. ಒಂದು ಕಡೆ ಉಸ್ತಾನ ಪಾಠಕ್ಕೆ ಮೇಜು, ಮೇಜಿನ ಮೇಲೆ ತೊಟ್ಟಿಲು. ಇನ್ನೊಂದು ಕಡೆ ಜಗಲಿಯ ಮೇಲೆ ಮರುದಿನದ ಶಾಸ್ತ್ರದ ತಯಾರಿ. ಉಸ್ತಾನ ಸೋದರತ್ತೆ ಹೋಸಿಯತ್ ಅಜ್ಜಿ ಎಂಬತ್ತೇಳು ವರ್ಷದವಳು, ಕಿವಿ ಮಂದ, ಮಗುವನ್ನು ತೊಟ್ಟಿಲಿಗೆ ಹಾಕುವ ಗೌರವ ಅವಳದೇ. ನಮ್ಮಲ್ಲಿ ಅಜ್ಜಿ ಮೊದಲು ಮಗುವಿನ ತಲೆಯನ್ನು ಬೇಕೆಂದೇ ಕಾಲಿನ ಕಡೆ ಇಟ್ಟು "ಹೀಗಾ?" ಎಂದು ಕೇಳಬೇಕು. ಸೇರಿದವರೆಲ್ಲ "ಹಾಗಲ್ಲ!" ಎಂದು ಕೂಗಬೇಕು. ಆಮೇಲೇ ಸರಿಯಾಗಿ ಮಲಗಿಸುವುದು. ಅಜ್ಜಿ ಒಂದು ದಿಂಬನ್ನು ಎತ್ತಿಕೊಂಡು "ಹೀಗಾ?" ಎಂದು ಅಭ್ಯಾಸ ಮಾಡುತ್ತಿದ್ದಳು. ಬೀದಿಯಲ್ಲಿ ಮೂರು ದಿನದಿಂದ ನೆರೆದ ಜನವನ್ನು ನೋಡಿ, ಎಲ್ಲರೂ ಮಗುವಿಗೆ ಉಡುಗೊರೆಯಾಗಿ ಬಾಗಿಲು ತಂದಿದ್ದಾರೆ ಎಂದು ತಿಳಿದಿದ್ದಳು.

ಹತ್ತು ಗಂಟೆ. ಮುಅತ್ತರ್ ಫೋನು ಹಿಡಿದಳು. ಅಕ್ಸಕಾಲ್ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ರಿಜಿಸ್ಟರು ತೆರೆದ. ಉಸ್ತಾ ತೊಟ್ಟಿಲಿನ ಒಂದೊಂದು ಕೀಲನ್ನೂ ತೋರಿಸಿದ. ಎಲ್ಲಿ ನಾಲಿಗೆ, ಎಲ್ಲಿ ಕಂಡಿ, ಹೇಗೆ ಒಂದು ಇನ್ನೊಂದನ್ನು ಹಿಡಿದುಕೊಂಡಿದೆ ಎಂದು ಹೇಳುವಾಗ ಅವನ ದನಿ ತಗ್ಗಿತು. ಆ ಹೊತ್ತಿನಲ್ಲಿ ಅವನು ನಿಜಕ್ಕೂ ಒಳ್ಳೆಯ ಗುರು. ನನಗೇ ಕ್ಷೌರ ಬಿಟ್ಟು ಬಡಗಿಯಾಗೋಣ ಅನ್ನಿಸಿತು.

"ನಮ್ಮಪ್ಪ ಹೇಳ್ತಿದ್ದ," ಎಂದ. "ಕೈ ಸುಳ್ಳು ಹೇಳಿದ್ರೆ ಮರಕ್ಕೆ ಗೊತ್ತಾಗುತ್ತೆ. ಲೋ ಮಮಸೋಲಿ, ತಾರೋ ನಿನ್ನ ಚಕ್ರ."

ತಾನೇ ಕಿತ್ತುಕೊಂಡ. ನಗುನಗುತ್ತಾ ತೊಟ್ಟಿಲಿನ ಕಾಲಿನ ಮೇಲೆ ಆಡಿಸಿದ, ಹಿಡಿಕೋಲಿನ ಮೇಲೆ ಆಡಿಸಿದ, ತಲೆಯ ಕಡೆ ಹಲಗೆಯ ಒಳಮೈಗೆ ತಂದ.

ಟಕ್.

ಅಯಸ್ಕಾಂತ ಅಲ್ಲೇ ನಿಂತುಬಿಟ್ಟಿತು. ಉಸ್ತಾ ಕೈ ಬಿಟ್ಟ. ಅದು ಬೀಳಲಿಲ್ಲ.

ಜಗಲಿಯಿಂದ ಅಜ್ಜಿ ದಿಂಬಿಗೆ "ಹೀಗಾ?" ಎಂದಳು.

ಉಸ್ತಾ ಅಯಸ್ಕಾಂತವನ್ನು ಬಿಡಿಸಿ, ಉಗುರಿನಿಂದ ಬಣ್ಣ ಕೆರೆದ. ಬಣ್ಣದ ಕೆಳಗೆ ಬಟಾಣಿಯಷ್ಟು ಮರದ ಬೆಣೆ, ಸುತ್ತಲಿನ ನಾರಿಗೆ ನಾರು ಸೇರುವಂತೆ ಕೂರಿಸಿದ್ದು. ಅಂಥ ಬೆಣೆ ಕೂರಿಸುವ ಕೈ ನಮ್ಮ ಊರಿನಲ್ಲಿ ಎರಡೇ ಇದ್ದವು, ಉಸ್ತಾನದು ಮತ್ತು ಅವನ ಅಪ್ಪನದು. ಬೆಣೆಯನ್ನು ಉಳಿಯಿಂದ ಎತ್ತಿದ. ಒಳಗೆ ಕರಿಯ ತಲೆಯೊಂದು ಕಂಡಿತು.

"ಮೊಳೆ," ಎಂದ ಅಕ್ಸಕಾಲ್, ಹಲ್ಲಿನ ಭಯ ಮರೆತು.

"ನೀನೇ ಹೊಡೆದಿದ್ದು!" ಉಸ್ತಾ ಮಮಸೋಲಿಯ ಕೊರಳಪಟ್ಟಿ ಹಿಡಿದ. "ಕಳ್ಳ! ರಾತ್ರಿ ಬಂದು ಹೊಡೆದು ಹೋಗಿದೀಯ!"

"ರೊಟ್ಟಿ ಮುಟ್ಟಿ ಹೇಳ್ತೀನಿ ಉಸ್ತಾ, ನಾನಲ್ಲ!" ಮಮಸೋಲಿ ನಿಜವಾಗಿಯೂ ಜಗಲಿಗೆ ಓಡಿಹೋಗಿ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದ. "ನೋಡಿ. ಆ ತುಕ್ಕು ನೋಡಿ. ನನ್ನ ವಯಸ್ಸಿಗಿಂತ ಹಳೇ ಮೊಳೆ ಅದು. ಮೊಳೆ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ."

ಅದು ನಿಜವಾಗಿತ್ತು. ಉಸ್ತಾನಿಗೂ ತಿಳಿಯಿತು. ಬೆಣೆ ಅಪ್ಪನದು, ಬಣ್ಣ ಅಪ್ಪನದು. ಹಾಗಾದರೆ ಮೊಳೆಯೂ ಅಪ್ಪನದೇ. ಅವನು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ, ಯಾರಾದರೂ ಬೇರೆ ಏನಾದರೂ ಹೇಳಲಿ ಎನ್ನುವಂತೆ. ನಾನು ರಿಜಿಸ್ಟರಿನ ಕಡೆ ಮುಖ ತಿರುಗಿಸಿದೆ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿದೆ.

"ಓದು," ಎಂದ ಹೆಂಡತಿಗೆ. "ಜನ ಏನಂತಿದಾರೆ ಓದು."

"ಬೇಡಾರೀ."

"ಓದು ಅಂದೆ."

"ಅಪ್ಪನೇ ಮೋಸಗಾರ ಅಂತಿದಾರೆ," ಎಂದಳು ಮುಅತ್ತರ್. ಫೋನು ಆರಿಸುವುದು ಅವಳಿಗೂ ಹೊಳೆಯಲಿಲ್ಲ. "ಮಾತು ಉಳಿಸ್ಕೊಳ್ಳಿ ಅಂತಿದಾರೆ. ಕಜಾನಿನವರು ಮಾತ್ರ ನಿಮ್ಮ ಆರೋಗ್ಯ ಕೇಳಿದಾರೆ."

ಉಸ್ತಾ ಬಾಚಿಯನ್ನು ಎತ್ತಿಕೊಂಡ. ನಾವು ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆವು. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ, ತೋಳು ಮಡಿಸಿದ.

"ಉಸ್ತಾ, ಆಯೋಗ ಇನ್ನೂ ನಿರ್ಣಯ ಬರೆದಿಲ್ಲ," ಎಂದ ಅಕ್ಸಕಾಲ್ ಗಾಬರಿಯಿಂದ. "ಊಟ ಮಾಡಿ ಯೋಚಿಸೋಣ. ಪಲಾವ್ ಆಗ್ತಿದೆ."

"ನಾನು ಆಡಿದ ಮಾತು. ಅಪ್ಪ ತಪ್ಪು ಮಾಡಿದಾನೆ. ಅಪ್ಪನ ತಪ್ಪನ್ನ ಮಗ ತೊಳೀಬೇಕು."

ಮನೆಯ ಬಾಗಿಲಲ್ಲಿ ಸನೋಬರ್ ನಿಂತಿದ್ದಳು. ತೋಳಿನಲ್ಲಿ ಮಗು. ಬಾಣಂತಿ ಹೊರಗೆ ಬರಬಾರದು, ಆದರೂ ಬಂದಿದ್ದಳು.

"ದಾದಾ," ಎಂದಳು. ನಮ್ಮ ಕಡೆ ಅಪ್ಪನನ್ನು ಹಾಗೇ ಕರೆಯುವುದು. "ಅದನ್ನ ಸೀಳಿದ್ರೆ ನನ್ನ ಮಗು ಎಲ್ಲಿ ಮಲಗುತ್ತೆ?"

"ಹೊಸದು ಮಾಡಿಕೊಡ್ತೀನಿ ಕಣಮ್ಮಾ. ಇದಕ್ಕಿಂತ ಚೆನ್ನಾಗಿರೋದು."

"ಹೊಸದು ಎರಡು ಸಲ ನೋಡಿದೀನಿ, ದಾದಾ."

ಉಸ್ತಾನ ಗಡ್ಡ ಅದುರಿತು. ಆದರೆ ಹೆಮ್ಮೆ ಅನ್ನುವುದು ಹಾಳಾದದ್ದು. ಮೂರು ಲಕ್ಷ ಜನರ ಎದುರು ಆಡಿದ ಮಾತು ಅವನ ಕತ್ತು ಹಿಡಿದು ತಳ್ಳುತ್ತಿತ್ತು. ಬಾಚಿ ಮೇಲೆ ಹೋಯಿತು.

ಆಗ ಜಗಲಿಯಿಂದ ದಿಂಬು ಹಾರಿ ಬಂದು ಅವನ ಮುಖಕ್ಕೆ ಬಡಿಯಿತು. ಎಂಬತ್ತೇಳು ವರ್ಷದ ಕೈಗೆ ಅಂಥ ಗುರಿ ಹೇಗೆ ಬಂತೋ.

"ಏಯ್ ಬಾಚೀ!" ಎಂದು ಕಿರುಚಿದಳು ಹೋಸಿಯತ್ ಅಜ್ಜಿ. "ಬುದ್ಧಿ ನೆಟ್ಟಗಿದ್ಯೇನೋ ನಿನಗೆ? ತೊಟ್ಟಿಲಿನ ಮೇಲೆ ಬಾಚಿ ಎತ್ತುತೀಯಾ?"

"ಅತ್ತೆ, ಅದರಲ್ಲಿ ಮೊಳೆ ಇದೆ!" ಉಸ್ತಾ ಅವಳ ಕಿವಿಯ ಹತ್ತಿರ ಹೋಗಿ ಕೂಗಿದ. "ಮೊಳೆ!"

"ಇದೆ. ಏನೀಗ?"

"ನಿಮಗೆ ಗೊತ್ತಾ?"

"ನಾನೇ ಕಣೋ ನಿನ್ನ ಎತ್ಕೊಂಡು ಪಕ್ಕದಲ್ಲಿ ನಿಂತಿದ್ದೋಳು. ಗೊತ್ತಿರದೇ ಏನು?" ಅಜ್ಜಿ ಜಗಲಿಯಿಂದ ಇಳಿದು, ಗೋಡೆ ಹಿಡಿದು ಹಿಡಿದು ತೊಟ್ಟಿಲ ಹತ್ತಿರ ಬಂದಳು. "ನಿನಗಿಂತ ಮುಂಚೆ ಮೂರು ಇದ್ವು. ನಿನಗೆ ಯಾರೂ ಹೇಳ್ಲಿಲ್ಲ, ಹೇಳಬಾರದು ಅಂತ ನಿಮ್ಮಪ್ಪನ ಆಣೆ. ಮೂರಕ್ಕೂ ಒಂದೊಂದು ಹೊಸ ತೊಟ್ಟಿಲು ಮಾಡಿದ್ದ. ಮೂರು ಮಕ್ಕಳನ್ನೂ ಮಣ್ಣಿಗೆ ಕೊಟ್ಟು ಬಂದು ಆ ತೊಟ್ಟಿಲುಗಳನ್ನ ತಾನೇ ಸೀಳಿ ಒಲೆಗೆ ಹಾಕಿದ. ನಾಲ್ಕನೇದು ನೀನು. ಕಬ್ಬಿಣದ ಹೆಸರಿಡಿ, ಉಳಿದ್ರೂ ಉಳಿಯುತ್ತೆ ಅಂದ್ರು. ಬಾಚಿ ಅಂತ ಇಟ್ವಿ. ಅಷ್ಟಾದ್ರೂ ನಿಮ್ಮಪ್ಪನಿಗೆ ನಿದ್ದೆ ಇಲ್ಲ."

ಅವಳು ಉಸಿರು ತೆಗೆದುಕೊಂಡಳು.

"ದಿಂಬಿನ ಕೆಳಗೆ ಚಾಕು ಇಟ್ಟಿದ್ವಿ. ಆ ಮೂರಕ್ಕೂ ಇಟ್ಟಿದ್ವಿ. ಚಾಕುನ ಯಾರೋ ಸೊಪ್ಪು ಹೆಚ್ಚೋಕೆ ಎತ್ಕೊಂಡು ಹೋಗ್ತಾರೆ ಹೋಸಿಯತ್, ಯಾರಿಂದಲೂ ಎತ್ತಕ್ಕಾಗದೇ ಇರೋ ಕಬ್ಬಿಣ ಬೇಕು ಅಂದ. ನಡು ಮಧ್ಯಾಹ್ನ, ಬೀದೀಲಿ ಯಾರೂ ಇಲ್ಲದಾಗ ಕಮ್ಮಾರನ ಹತ್ರ ಹೋದ. ಒಂದು ಮೊಳೆನ ಟೋಪಿಯೊಳಗೆ ಬಚ್ಚಿಟ್ಕೊಂಡು ತಂದ. ಕಳ್ಳನ ಹಂಗೆ! ಅಷ್ಟು ದೊಡ್ಡ ಉಸ್ತಾ! ಹೊಡೆಯುವಾಗ ಅಳ್ತಿದ್ದ. ನಮ್ಮಪ್ಪ ಕೇಳಿದ್ರೆ ಏನು ಹೇಳ್ಲಿ ಅಂದ. ನಾನಂದೆ, ಮಗು ಉಳೀತು ಅಂತ ಹೇಳು."

ಉಸ್ತಾ ಬಾಚಿಯನ್ನು ಕೆಳಗಿಟ್ಟ. ಆ ಕರಿಯ ಮೊಳೆಯ ತಲೆಯನ್ನು ಹೆಬ್ಬೆರಳಿನಿಂದ ಸವರಿದ, ಮಗುವಿನ ಕೆನ್ನೆ ಸವರುವಂತೆ.

"ನನಗೋಸ್ಕರಾನಾ?" ಎಂದ. ಅರವತ್ತೊಂದು ವರ್ಷದ ಗಂಡಸು, ಎಲ್ಲರ ಎದುರು, ಮೊಣಕಾಲೂರಿ ತೊಟ್ಟಿಲಿಗೆ ಹಣೆ ಹಚ್ಚಿ ಅತ್ತುಬಿಟ್ಟ. ನಾನೂ ಅತ್ತೆ. ಅಕ್ಸಕಾಲ್ ಅತ್ತ. ಮಮಸೋಲಿ ಇನ್ನೂ ರೊಟ್ಟಿ ಹಿಡಿದುಕೊಂಡೇ ಇದ್ದ, ಅದರಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ ಪಾಪವಾಗುತ್ತದೆಂದು ನಿಲ್ಲಿಸಿದ.

"ನಾನೂ ಇದರಲ್ಲೇ ಮಲಗಿ ಬೆಳೆದೋನು, ಉಸ್ತಾ," ಎಂದ. "ನಮ್ಮಮ್ಮ ಬಂದು ಕೇಳಿದಾಗ ನಿಮ್ಮಪ್ಪ ತಾನೇ ಹೊತ್ಕೊಂಡು ಬಂದು ಕೊಟ್ಟಿದ್ರಂತೆ."

ಸನೋಬರ್ ಹತ್ತಿರ ಬಂದಳು. ಮೊಳೆಯನ್ನು ಬಹಳ ಹೊತ್ತು ನೋಡಿದಳು.

"ದಾದಾ, ಇದು ನಿಮ್ಮದು," ಎಂದಳು. "ನನ್ನ ಮಗಳಿಗೆ ನೀವೊಂದು ಹೊಡೆದುಕೊಡಿ."

ಉಸ್ತಾ ಎದ್ದ. ಮೂಗು ಒರೆಸಿಕೊಂಡ. ಸುತ್ತ ನೋಡಿದ. ಕಪಾಟು ನೋಡಿದ, ಪೆಟ್ಟಿಗೆ ನೋಡಿದ. ನಾಲ್ಕು ತಲೆಮಾರಿನ ಆ ಅಂಗಡಿಯಲ್ಲಿ ನಾಲ್ಕು ನೂರು ಬಗೆಯ ಉಳಿಗಳಿದ್ದವು, ಒಂದು ಮೊಳೆಯಿರಲಿಲ್ಲ. ಎಲ್ಲರ ಕಣ್ಣೂ ಮಮಸೋಲಿಯ ಮೇಲೆ ಬಿತ್ತು.

ಮಮಸೋಲಿ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು ಜೇಬಿಗೆ ಕೈ ಹಾಕಿದ. ಒಂದು ಹಿಡಿ ಮೊಳೆ ತೆಗೆದು ಅಂಗೈಯಲ್ಲಿ ಹರಡಿ ಆರಿಸತೊಡಗಿದ. ಅಷ್ಟು ಶ್ರದ್ಧೆಯಿಂದ ಅವನು ಏನನ್ನೂ ಮಾಡಿದ್ದು ನಾನು ಕಂಡಿರಲಿಲ್ಲ. "ಇದು ಬೇಡ, ಉದ್ದ ಆಯ್ತು, ಮರ ಸೀಳುತ್ತೆ. ಇದು... ಇಲ್ಲ, ತಲೆ ಒರಟು, ಮಗೂಗೆ ತಾಗುತ್ತೆ. ಇಗೋ. ಇದು." ಕೊನೆಗೆ ಒಂದನ್ನು ಅಂಗಿಯ ತುದಿಯಿಂದ ಒರೆಸಿ ಎರಡೂ ಕೈಯಲ್ಲಿ ಕೊಟ್ಟ.

ಉಸ್ತಾ ತನ್ನ ಮರದ ಕೊಡತಿಯನ್ನು ತೆಗೆದುಕೊಂಡ.

"ಅದರಲ್ಲಲ್ಲ, ಉಸ್ತಾ," ಎಂದ ಮಮಸೋಲಿ ಮೆಲ್ಲಗೆ. "ಸುತ್ತಿಗೆ ಬೇಕು." ಸೊಂಟದಿಂದ ತನ್ನದನ್ನೇ ತೆಗೆದುಕೊಟ್ಟ.

ಉಸ್ತಾ ಹೊಡೆದ. ಮೊಳೆ ಬಾಗಿತು. ಇನ್ನೊಂದು ಕೊಟ್ಟರು. ಅದು ಹಾರಿ ನನ್ನ ಚಹಾ ಬಟ್ಟಲಿಗೆ ಬಿತ್ತು. ಮೂರನೆಯದರಲ್ಲಿ ಅವನ ಹೆಬ್ಬೆರಳಿಗೆ ಬಿತ್ತು. ಮರದ ತಂತುವಿನ ಮೇಲೆ ನೊಣ ಕೂತರೂ ತಿಳಿಯುವ ಆ ಕೈಗೆ ಒಂದು ಮೊಳೆ ಹೊಡೆಯಲು ಬರುತ್ತಿರಲಿಲ್ಲ. ಬರುವುದಾದರೂ ಹೇಗೆ, ಕಲಿಸಿದವರೇ ಇರಲಿಲ್ಲವಲ್ಲ.

"ಬರೀತಿದಾರೆ," ಎಂದಳು ಮುಅತ್ತರ್ ಫೋನು ನೋಡುತ್ತಾ. "ಎಷ್ಟೊಂದು ಜನ ಬರೀತಿದಾರೆ! ಹಿಡಿಯ ತುದೀಲಿ ಹಿಡ್ಕೊಳ್ಳಿ ಅಂತ ಒಬ್ಬರು. ಮೊದಲು ಸಣ್ಣ ತೂತು ಕೊರ್ಕೊಳ್ಳಿ ಅಂತ ಇನ್ನೊಬ್ಬರು. ಕಜಾನಿನವರು, ಉಸ್ತಾ, ಹೆದರಬೇಡಿ, ನನ್ನ ಸ್ಟೂಲಿಗೆ ನಾನು ಗುಟ್ಟಾಗಿ ಎಂಟು ಹೊಡೆದಿದೀನಿ ಅಂತ ಬರೆದಿದಾರೆ."

ಉಸ್ತಾ ನಾಲ್ಕನೆಯ ಮೊಳೆಯನ್ನು ಅಪ್ಪನ ಮೊಳೆಯ ಪಕ್ಕದಲ್ಲಿ, ಅಂಗುಲದಷ್ಟು ಬಿಟ್ಟು, ನಿಲ್ಲಿಸಿದ. ಸುತ್ತಿಗೆ ಎತ್ತಿದ. ತಲೆಯೆತ್ತಿ ನಮ್ಮನ್ನೆಲ್ಲ ನೋಡಿದ. ಕಣ್ಣಲ್ಲಿ ನೀರು, ಗಡ್ಡದಲ್ಲಿ ಮರದ ಪುಡಿ.

"ಹೀಗಾ?" ಎಂದ.

"ಹಾಗಲ್ಲ!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಅಜ್ಜಿಯೂ ಕೂಗಿದಳು, ಏನು ನಡೆಯುತ್ತಿದೆಯೆಂದು ಕೇಳಿಸದಿದ್ದರೂ.

ಮಮಸೋಲಿ ಹಿಂದಿನಿಂದ ಬಂದು ಅವನ ಮೊಣಕೈಯನ್ನು ಹಿಡಿದು ಒಂದಿಷ್ಟು ತಗ್ಗಿಸಿದ. ಐದು ಏಟು. ಮೊಳೆ ನೆಟ್ಟಗೆ ಇಳಿಯಿತು. ಉಸ್ತಾ ಅದರ ಮೇಲೆ ಬೆಣೆ ಮುಚ್ಚಲಿಲ್ಲ, ಅಪ್ಪನದರ ಮೇಲೂ ತಿರುಗಿ ಮುಚ್ಚಲಿಲ್ಲ. ಅರ್ಧ ಮಾತಾದರೂ ಉಳಿಯಬೇಕೆಂದು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಎಡಕ್ಕೆ ವಾಲಿ ಕೂತ. ಮೂವತ್ತು ವರ್ಷದ ಗಡ್ಡವನ್ನು ನಾನು ಬೋಳಿಸಿದೆ. ಹೋಸಿಯತ್ ಅಜ್ಜಿ ಆ ಬೋಳು ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, "ಅಣ್ಣಾ, ಯಾವಾಗ ಬಂದೆ?" ಎಂದಳು. ಯಾರೂ ಅವಳನ್ನು ತಿದ್ದಲಿಲ್ಲ.

ಭಾನುವಾರ ಸನೋಬರ್ ಮಗಳನ್ನು ತೋಳಿನಿಂದ ಇಳಿಸಿದಳು. ಮಗು ತೊಟ್ಟಿಲಿನಲ್ಲಿ ಮಲಗಿತು, ತಾಯಿ ಪಕ್ಕದ ಹಾಸಿಗೆಯಲ್ಲಿ ಮಲಗಿದಳು. ಇಬ್ಬರೂ ಸಂಜೆಯವರೆಗೆ ಏಳಲಿಲ್ಲ, ಪಲಾವ್ ಬಡಿಸುವ ಗದ್ದಲಕ್ಕೂ ಏಳಲಿಲ್ಲ.

ಆಯೋಗದ ವರದಿಗೆ ನಾನೂ ಸಹಿ ಹಾಕಿದ್ದೇನೆ. ಅದು ಮೊಹಲ್ಲಾದ ಕಚೇರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಅಕ್ಸಕಾಲ್‌ನ ಕೈಬರಹ: ಪರೀಕ್ಷಿಸಿದ ಸಾಮಾನು ಅರವತ್ತೆಂಟು. ಸಿಕ್ಕ ಮೊಳೆ ಎರಡು. ದೋಷ ಯಾವುದೂ ಕಂಡುಬಂದಿಲ್ಲ.